ಮಂಜುಗೆ, ಸುಮಾಳ ಲಿವರ್ ವಿಚಾರವಾಗಿ

ಮಂಜು,

ಮೊದಲು ಸುಮಾಗೆ ಇದನ್ನು ಓದಿ ಹೇಳು. ಅವಳು ಏನೂ ತಪ್ಪು ಮಾಡಿಲ್ಲ. 'ಕುಡಿಯದ ಹುಡುಗಿಗೆ ಲಿವರ್ ಹೇಗೆ ಕೆಟ್ಟಿತು' ಅಂತ ಮನೆಗೆ ಬಂದವರೆಲ್ಲ ಕೇಳುತ್ತಿದ್ದಾರಂತಲ್ಲ, ನನ್ನ ತಂಗಿಗೆ ಇದೇ ಫೈಬ್ರೋಲ್ಯಾಮೆಲ್ಲರ್ ಅನ್ನುವ ಅಪರೂಪದ ಲಿವರ್ ಕ್ಯಾನ್ಸರ್ ಬಂದಾಗಲೂ ಹಾಸನದಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು, ಕೇಳಿ ಕೇಳಿ ಅವಳು ಊಟ ಬಿಟ್ಟಿದ್ದಳು. ಇದು ಕುಡಿತದಿಂದ ಬರುವುದಲ್ಲ. ಹೆಚ್ಚಾಗಿ ಬರುವುದೇ ಚಿಕ್ಕ ವಯಸ್ಸಿನವರಿಗೆ, ಲಿವರ್ ಉಳಿದಂತೆ ಚೆನ್ನಾಗಿರುವವರಿಗೆ. ಗಡ್ಡೆಯ ಜೀವಕೋಶಗಳಲ್ಲಿ ಎರಡು ಜೀನ್‌ಗಳು ಮುರಿದು ಒಂದಕ್ಕೊಂದು ಅಂಟಿಕೊಂಡಿರುತ್ತವೆ ಅಂತ 2014ರಲ್ಲಿ ಗೊತ್ತಾಯಿತು. ಆ ಬದಲಾವಣೆ ಸಾಮಾನ್ಯವಾಗಿ ಗಡ್ಡೆಯೊಳಗೆ ಮಾತ್ರ ಇರುತ್ತದೆ. ಹೊಟ್ಟೆಯಲ್ಲಿರುವ ಮಗುವಿಗೂ ಬರುತ್ತದಾ ಅಂತ ಅವಳು ಹೆದರಿದ್ದರೆ ಇದನ್ನು ಹೇಳು.

ಎಎಫ್‌ಪಿ ಅನ್ನುವ, ಲಿವರ್ ಕ್ಯಾನ್ಸರಿಗೆ ಮಾಡಿಸುವ ರಕ್ತಪರೀಕ್ಷೆಯ ರಿಪೋರ್ಟ್ ನೋಡಿ ಸಮಾಧಾನವನ್ನೂ ಪಡಬೇಡ, ಗಾಬರಿಯನ್ನೂ ಬೀಳಬೇಡ. ಬಸಿರಿನಲ್ಲಿ ಮಗುವಿನಿಂದಲೇ ಅದು ಏರುತ್ತದೆ, ಈ ಕ್ಯಾನ್ಸರಿನಲ್ಲಿ ಹೆಚ್ಚಿನವರಿಗೆ ಏರುವುದೇ ಇಲ್ಲ.

ನಿಮ್ಮ ದೊಡ್ಡಪ್ಪ ಮಗು ತೆಗೆಸಿಬಿಡಿ ಅನ್ನುತ್ತಾರೆ, ಅತ್ತೆ ಹೆರಿಗೆ ಆಗಲಿ, ಆಮೇಲೆ ನೋಡೋಣ ಅನ್ನುತ್ತಾರೆ. ಇಬ್ಬರಿಗೂ ಅವಳ ಮೇಲೆ ಪ್ರೀತಿಯೇ, ಆದರೆ ಇದು ಜಗಲಿಯಲ್ಲಿ ಕೂತು ತೀರ್ಮಾನ ಮಾಡುವ ವಿಷಯ ಅಲ್ಲ ಮಾರಾಯ. ಮಗು ತೆಗೆಸಿದರೆ ಗಡ್ಡೆ ಹೋಗುವುದಿಲ್ಲ. ಈ ರೋಗಕ್ಕೆ ನೆಚ್ಚಬಹುದಾದ ಚಿಕಿತ್ಸೆ ಅಂದರೆ ಆಪರೇಷನ್, ಗಡ್ಡೆಯನ್ನು ಪೂರ್ತಿ ತೆಗೆಯುವುದು. ಬಸುರಿಯರಿಗೆ ಅದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರನೇ ತಿಂಗಳು ಅನುಕೂಲ, ಅದಕ್ಕೂ ಮೊದಲಾದರೆ ಗರ್ಭ ಹೋಗುವ ಭಯ ಜಾಸ್ತಿ, ಆಮೇಲೆ ಗರ್ಭಕೋಶ ದೊಡ್ಡದಾಗಿ ಕೈ ಹಾಕುವುದೇ ಕಷ್ಟ. ಸುಮಾಗೆ ಈಗ ಐದು. ಈಗಲೇ ಮಾಡಬಹುದಾ, ಕಾಯಬೇಕಾ ಅನ್ನುವುದು ಗಡ್ಡೆ ಎಷ್ಟು ದೊಡ್ಡದು, ಯಾವ ರಕ್ತನಾಳಕ್ಕೆ ತಾಗಿದೆ, ಪಕ್ಕದ ಗ್ರಂಥಿಗಳಿಗೆ ಹರಡಿದೆಯಾ ಅನ್ನುವುದರ ಮೇಲೆ. ಹಾಗಾಗಿ ಲಿವರ್ ಸರ್ಜನ್, ಕ್ಯಾನ್ಸರ್ ಡಾಕ್ಟರ್, ಹೆರಿಗೆ ಡಾಕ್ಟರ್ ಮೂವರೂ ಒಟ್ಟಿಗೆ ಕೂತು ಮಾತಾಡುವ, ಹಸುಗೂಸುಗಳ ಐಸಿಯು ಇರುವ ದೊಡ್ಡ ಆಸ್ಪತ್ರೆಗೇ ಹೋಗಬೇಕು. ಒಬ್ಬೊಬ್ಬರಿಗೆ ಒಂದೊಂದು ಕಡೆ ತೋರಿಸುತ್ತಾ ವಾರಗಳನ್ನು ಕಳೆಯಬೇಡ, ದಮ್ಮಯ್ಯ.

ಅಲ್ಟ್ರಾಸೌಂಡ್, ಎಂಆರ್‌ಐ ಮಾಡಿಸಬಹುದು. ಆದರೆ ಸ್ಕ್ಯಾನ್ ಸ್ಪಷ್ಟವಾಗಿ ಕಾಣಲಿ ಅಂತ ಹಾಕುವ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಡುವ ಮೊದಲು ಬಸುರಿ ಅಂತ ನೀನೇ ಬಾಯಿಬಿಟ್ಟು ಹೇಳು. ನೆಲನೆಲ್ಲಿ ಕಷಾಯ, ನಾಟಿ ಔಷಧಿ ಈಗ ಬೇಡವೇ ಬೇಡ, ಅಮ್ಮನಿಗೆ ಬೇಜಾರಾದರೂ ಸರಿ.

ಇದು ಮತ್ತೆ ಬರಬಹುದಾದ ಕ್ಯಾನ್ಸರ್, ನಿನ್ನಿಂದ ಮುಚ್ಚಿಡುವುದಿಲ್ಲ. ತಂಗಿ ಈಗಲೂ ಸ್ಕ್ಯಾನಿಂಗಿಗೆ ಹೋಗುತ್ತಾಳೆ. ಕೆಲಸಕ್ಕೂ ಹೋಗುತ್ತಾಳೆ. ಸುಮಾಗೆ ಅವಳ ನಂಬರ್ ಕೊಡು, ಅವರಿಬ್ಬರೇ ಮಾತಾಡಲಿ.

ಬಯಾಪ್ಸಿ ರಿಪೋರ್ಟ್ ಒಂದೇ ಸಾಲದು, ಪರೀಕ್ಷೆಗೆ ತೆಗೆದ ಗಡ್ಡೆಯ ತುಣುಕಿನ ಸ್ಲೈಡ್, ಬ್ಲಾಕ್, ಸ್ಕ್ಯಾನಿಂಗ್ ಸಿ.ಡಿ. ಎಲ್ಲ ಕೇಳಿ ತೆಗೆದುಕೊಂಡು ಬಾ. ಈ ಮಳೆಯಲ್ಲಿ ಚಾರ್ಮಾಡಿ ಇಳಿದು ಮಂಗಳೂರಿಗೆ ಹೋಗುವ ಯೋಚನೆ ಬಿಡು, ಬೆಂಗಳೂರಿಗೇ ಹೋಗೋಣ. ಬೇಲೂರು ದಾಟಿದ ತಕ್ಷಣ ಫೋನ್ ಮಾಡು, ಹಾಸನದಲ್ಲಿ ನಾನೂ ಹತ್ತುತ್ತೇನೆ.

ನಿನ್ನ,
ರಘು