ದೊಡ್ಡವಳಾದ್ಲು ಅಂದ್ಕೂಡ್ಲೆ ಆಟ ಮುಗೀತಾ?

ಸಂಪಾದಕರಿಗೆ ನಮಸ್ಕಾರ,

ಒಲಿಂಪಿಕ್ಸ್ ಬಂದಾಗ ಮಾತ್ರ ನಾವು ಜಿಮ್ನಾಸ್ಟಿಕ್ಸ್ ನೋಡೋದು, ನೋಡಿ ಅಬ್ಬಾ ಎಂಥಾ ಪುಟ್ಟ ಹುಡುಗಿ ಅಂತ ಬಾಯ್ಬಿಡೋದು. 1976ರಲ್ಲಿ ಮಾಂಟ್ರಿಯಲ್‌ನಲ್ಲಿ ಹತ್ತಕ್ಕೆ ಹತ್ತು ತಗೊಂಡ ನಾದಿಯಾ ಕೊಮನೆಚಿಗೆ ಬರೀ 14 ವರ್ಷ. ಆದ್ರೆ ಅದಕ್ಕೂ ಮುಂಚೆ ಹಾಗಿರ್ಲಿಲ್ಲ, 1968ರಲ್ಲಿ ಮೆಕ್ಸಿಕೋದಲ್ಲಿ ಗೆದ್ದ ವೆರಾ ಚಾಸ್ಲಾವ್‌ಸ್ಕಾಗೆ 26. ಆಮೇಲೆ ಆಮೇಲೆ ಮೈ ತುಂಬದ ಮಕ್ಳೇ ಬೇಕು ಅನ್ನೋ ಹಾಗಾಯ್ತು, ಮೈ ಬೆಳೆದ್ರೆ ಇವಳ ಕಥೆ ಮುಗೀತು ಅಂತ. ಕೊನೆಗೆ 1997ರಲ್ಲಿ ಆಡೋಕೆ ಬೇಕಾದ ಕನಿಷ್ಠ ವಯಸ್ಸನ್ನ 16ಕ್ಕೆ ಏರಿಸ್ಬೇಕಾಯ್ತು.

ಇಲ್ಲಿ ಶಿರಸಿ, ಕುಮಟಾ ಕಡೆ ಜಿಮ್ನಾಸ್ಟಿಕ್ಸ್ ಎಲ್ಲಿದೆ ಅಂತ ಕೇಳ್ಬೇಡಿ, ವಿಷ್ಯ ಅದಲ್ಲ, ನಮ್ಮಲ್ಲೂ ಆಟ ನಿಲ್ಲೋದು ಅದೇ ವಯಸ್ಸಿಗೆ. ನನ್ನ ತಂಗಿ ಮಗಳು ಏಳನೇ ಕ್ಲಾಸಿನವರೆಗೆ ಲಾಂಗ್ ಜಂಪ್‌ನಲ್ಲಿ ಯಾರಿಗೂ ಬಿಟ್ಟುಕೊಡ್ತಿರ್ಲಿಲ್ಲ. ಎಂಟಕ್ಕೆ ಬಂದ್ಲು, ಚೂಡಿದಾರ ಬಂತು, ವೇಲ್ ಬಂತು. ವೇಲ್‌ಗೆ ಎರಡೂ ಭುಜಕ್ಕೆ ಪಿನ್ ಹಾಕಿ, ತುದಿ ಸೊಂಟಕ್ಕೆ ಕಟ್ಕೊಂಡು ಓಡಿ ಹಾರ್ಬೇಕು, ಒಂದ್ಸಲ ಹಾರುವಾಗ ಪಿನ್ ಬಿಚ್ಚಿ ಹೆಗಲಿಗೆ ಚುಚ್ಕೊಂಡು ರಕ್ತ ಬಂತು, ಅದ್ಕೆ ಮಾಸ್ತರ್ರು ಹೇಳಿದ್ದು "ಸಾಕು ಬಿಡೇ, ನೀನಿನ್ನು ಸಣ್ಣವಳಲ್ಲ". ಈಗ ಪಿಟಿ ಪೀರಿಯಡ್‌ನಲ್ಲಿ ಕಟ್ಟೆ ಮೇಲೆ ಕೂತು ಹುಡುಗ್ರ ಆಟದ ಸ್ಕೋರ್ ಬರೀತಾಳೆ.

ಬಟ್ಟೆ ವಿಷ್ಯ ಜಿಮ್ನಾಸ್ಟಿಕ್ಸ್‌ನಲ್ಲೂ ಇದೆ, ಉಲ್ಟಾ ಅಷ್ಟೇ. ಗಂಡಸ್ರು ಉದ್ದ ಪ್ಯಾಂಟ್ ಹಾಕ್ಕೊಂಡು ರಿಂಗ್ಸ್‌ನಲ್ಲಿ ತೂಗ್ತಾರೆ, ಹೆಂಗಸ್ರಿಗೆ ತೊಡೆ ಕಾಣೋ, ಮೈಗಂಟೋ ಲಿಯೋಟಾರ್ಡ್ ಅನ್ನೋ ಡ್ರೆಸ್. 2021ರಲ್ಲಿ ಜರ್ಮನಿ ಹುಡುಗೀರು ಕಾಲು ಪೂರ್ತಿ ಮುಚ್ಚೋ ಡ್ರೆಸ್‌ನಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಆಡೋಕೆ ಇಳಿದ್ರು, ರೂಲ್ಸ್‌ನಲ್ಲಿ ಅದಕ್ಕೆ ಅಡ್ಡಿ ಇರ್ಲೇ ಇಲ್ಲ, ಆದ್ರೂ ಪ್ರಪಂಚಕ್ಕೆಲ್ಲ ಸುದ್ದಿ. ಅಲ್ಲಿ ಬಿಚ್ಚು ಅಂತಾರೆ ಇಲ್ಲಿ ಹೊದ್ಕೋ ಅಂತಾರೆ, ನಿಂಗೇನು ಬೇಕೇ ತಂಗಿ ಅಂತ ಕೇಳೋರು ಎರಡೂ ಕಡೆ ಇಲ್ಲ. ಫ್ಲೋರ್ ಅಂತ ನೆಲದ ಮೇಲೆ ಮಾಡೋ ಕಸರತ್ತಿನಲ್ಲಿ ಹೆಂಗಸ್ರಿಗೆ ಮಾತ್ರ ಮ್ಯೂಸಿಕ್, ಡಾನ್ಸ್ ಬೇರೆ, ಗಂಡಸ್ರು ಪಲ್ಟಿ ಹೊಡೆದು ಹೋದ್ರೆ ಸಾಕು! ಇನ್ನು ಅಮೆರಿಕದ ಟೀಮ್ ಡಾಕ್ಟರ್ ಲ್ಯಾರಿ ನಾಸರ್ ಚಿಕಿತ್ಸೆ ಹೆಸರಲ್ಲಿ ಹುಡುಗೀರ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ ಕೇಸ್ ಇದೆ, ಹುಡುಗೀರು ವರ್ಷಗಳ ಮೊದ್ಲೇ ಹೇಳ್ಕೊಂಡಿದ್ರು, ದೊಡ್ಡವ್ರು ಕಿವಿ ಮೇಲೆ ಹಾಕ್ಕೊಳ್ಳಲಿಲ್ಲ, 2018ರಲ್ಲಿ ಕೋರ್ಟಿನಲ್ಲಿ 150ಕ್ಕೂ ಹೆಚ್ಚು ಜನ ನಿಂತು ಹೇಳ್ಬೇಕಾಯ್ತು.

ವಯಸ್ಸಾದ್ರೆ ಆಗಲ್ಲ ಅನ್ನೋದೂ ಸುಳ್ಳು. ಉಜ್ಬೇಕಿಸ್ತಾನದ ಒಕ್ಸಾನಾ ಚುಸೊವಿಟಿನಾ ಬೆಳೆದ ಮಗನ ತಾಯಿ, 46ನೇ ವಯಸ್ಸಲ್ಲಿ ಟೋಕಿಯೋದಲ್ಲಿ ವಾಲ್ಟ್ (ಓಡಿ ಬಂದು ಮೇಜಿನ ಮೇಲೆ ಕೈಯೂರಿ ಹಾರೋ ಆಟ) ಹಾರಿದ್ರು. ನಮ್ಮ ಅಗರ್ತಲಾದ ದೀಪಾ ಕರ್ಮಾಕರ್ ರಿಯೋ ಒಲಿಂಪಿಕ್ಸ್‌ನಲ್ಲಿ ಅದೇ ವಾಲ್ಟ್‌ನಲ್ಲಿ ನಾಲ್ಕನೇ ಸ್ಥಾನ ತಗೊಂಡಾಗ 23.

ಹಾಗಾಗಿ ನಮ್ಮ ಶಾಲೆಗಳವ್ರಿಗೆ ನಾನು ಕೇಳೋದು ಇಷ್ಟೇ, ಎಂಟನೇ ಕ್ಲಾಸಿನಿಂದ ಹುಡುಗೀರಿಗೂ ಆಟದ ದಿನ ಟ್ರ್ಯಾಕ್ ಪ್ಯಾಂಟ್, ಟೀಶರ್ಟ್ ಹಾಕೋಕೆ ಬಿಡಿ, ತಾಲೂಕು ಕ್ರೀಡಾಕೂಟಕ್ಕೆ ಕರ್ಕೊಂಡು ಹೋಗುವಾಗ ಜೊತೆಗೊಬ್ಬ ಅಕ್ಕೋರನ್ನ ಕಳಿಸಿ. ಸ್ಕೋರ್ ಬರೆಯೋಕೆ ಹುಡುಗ್ರಿಗೂ ಬರುತ್ತೆ.

ಇಂತಿ,
ಒಬ್ಬ ಓದುಗಳು, ಶಿರಸಿ