ಸಾವಿರ ಪಟ್ಟು ಸರಿ, ಯಾವುದರ ಸಾವಿರ ಪಟ್ಟು?

ಮಾನ್ಯರೇ,

ಸೋಲಾರ್ ಕರೆಂಟನ್ನು ಸಾವಿರ ಪಟ್ಟು ಹೆಚ್ಚಿಸುವ ಹರಳನ್ನು ಜರ್ಮನಿಯಲ್ಲಿ ಕಂಡುಹಿಡಿದಿದ್ದಾರೆ ಎಂಬ ಬರಹ ವಾಟ್ಸ್‌ಆ್ಯಪ್‌ನಲ್ಲಿ ಮತ್ತೆ ಸುತ್ತುತ್ತಿದೆ. ಸುದ್ದಿ 2021ರದು. ತಿಪಟೂರು ಸುತ್ತಮುತ್ತ ಮನೆ ಮಾಳಿಗೆಯ ಮೇಲೆ ಸೋಲಾರ್ ಕೂರಿಸಿಕೊಡುವುದು ನನ್ನ ಕಸುಬು. ಓದಿದ್ದು ಭೌತವಿಜ್ಞಾನದ ಎಂಎಸ್ಸಿ. ಮೊನ್ನೆ ಅಡ್ವಾನ್ಸ್ ಕೊಡಬೇಕಿದ್ದ ತೆಂಗಿನ ತೋಟದ ಯಜಮಾನರೊಬ್ಬರು ಮೊಬೈಲ್ ಮುಂದೆ ಹಿಡಿದು, "ಇದು ಬರಗಂಟ ತಡ್ಕಂಡ್ರೆ ಒಂದೇ ಪ್ಲೇಟಲ್ಲಿ ಮನೆ, ಮೋಟ್ರು ಎಲ್ಲಾ ಆಗೋಗ್ತದಲ್ಲ ಸ್ವಾಮಿ?" ಎಂದರು.

ಲೆಕ್ಕ ಹಾಕಿ ನೋಡೋಣ. ನೆತ್ತಿಯ ಬಿಸಿಲು ಒಂದು ಚದರ ಮೀಟರ್ ಜಾಗಕ್ಕೆ ಸುರಿಯುವುದೇ ಸುಮಾರು 1000 ವಾಟ್. ಈಗಿನ ಒಳ್ಳೆಯ ಸಿಲಿಕಾನ್ ಪ್ಯಾನೆಲ್ ಅದರಲ್ಲಿ 200 ವಾಟ್‌ಗೂ ತುಸು ಹೆಚ್ಚು ಹಿಡಿದುಕೊಡುತ್ತದೆ. ಬಿದ್ದ ಬಿಸಿಲನ್ನು ಚೂರೂ ಬಿಡದೆ ಕರೆಂಟ್ ಮಾಡಿದರೂ ಐದು ಪಟ್ಟು ದಾಟುವುದಿಲ್ಲ. ಮಿಕ್ಕದ್ದಕ್ಕೆ ಸೂರ್ಯನನ್ನೇ ಕೇಳಬೇಕು.

ಹಾಗೆಂದು ಸಂಶೋಧನೆ ಸುಳ್ಳಲ್ಲ, ಸೊಗಸಾದದ್ದೇ. ಹಾಲೆ ನಗರದ ಮಾರ್ಟಿನ್ ಲೂಥರ್ ವಿಶ್ವವಿದ್ಯಾಲಯದಲ್ಲಿ ಆಕಾಶ್ ಭಟ್ನಾಗರ್ ಅವರ ತಂಡ ಬೇರಿಯಂ ಟೈಟನೇಟ್, ಸ್ಟ್ರಾನ್ಷಿಯಂ ಟೈಟನೇಟ್, ಕ್ಯಾಲ್ಸಿಯಂ ಟೈಟನೇಟ್ ಮೂರನ್ನೂ ಲೇಸರ್‌ನಿಂದ ಆವಿ ಮಾಡಿ ಒಂದರ ಮೇಲೊಂದು ಪದರ ಕೂರಿಸಿತು. ಪದರಗಳು 500, ಎಲ್ಲ ಸೇರಿದರೂ ದಪ್ಪ ಸುಮಾರು 200 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು). ಇದರ ಮೇಲೆ ಲೇಸರ್ ಬೆಳಕು ಬಿಟ್ಟು ಅಳೆದಾಗ, ಅಷ್ಟೇ ದಪ್ಪದ ಬರೀ ಬೇರಿಯಂ ಟೈಟನೇಟ್ ಕೊಡುವುದಕ್ಕಿಂತ ಸಾವಿರ ಪಟ್ಟಿನವರೆಗೆ ಹೆಚ್ಚು ಕರೆಂಟ್ ಹರಿಯಿತು. ಹೋಲಿಕೆ ಇಷ್ಟೇ. ಸಿಲಿಕಾನ್ ಆ ಹೋಲಿಕೆಯಲ್ಲಿ ಇರಲೇ ಇಲ್ಲ. ಬರೀ ಬೇರಿಯಂ ಟೈಟನೇಟಿನ ಕರೆಂಟ್ ಲೆಕ್ಕಕ್ಕೇ ಇಲ್ಲದಷ್ಟು ಕಡಿಮೆ ಎಂಬುದನ್ನು ಬರಹ ಹಂಚಿದವರು ಯಾರೂ ಹೇಳಲಿಲ್ಲ.

ಬೇರಿಯಂ ಟೈಟನೇಟ್‌ನಂಥ ಫೆರೋಎಲೆಕ್ಟ್ರಿಕ್ ಹರಳುಗಳ, ಅಂದರೆ ಒಳಗೇ ಧನ-ಋಣ ವಿದ್ಯುತ್ ಎರಡು ಬದಿಗೆ ಸರಿದಿರುವ ಹರಳುಗಳ, ನಿಜವಾದ ಸ್ವಾರಸ್ಯ ಬೇರೆ ಇದೆ. ಸಿಲಿಕಾನ್ ಸೆಲ್‌ನಲ್ಲಿ ಎರಡು ಬಗೆಯ ಪದರ ಬೆಸೆದು, ಆ ಬೆಸುಗೆಯಲ್ಲಿ ಎಲೆಕ್ಟ್ರಾನ್‌ಗಳನ್ನು ಬೇರ್ಪಡಿಸಬೇಕು. ಬೇರಿಯಂ ಟೈಟನೇಟ್‌ಗೆ ಆ ಬೆಸುಗೆಯ ಹಂಗಿಲ್ಲ. ಅದರೊಳಗಿನ ಟೈಟಾನಿಯಂ ಅಯಾನು ಸರಿಯಾಗಿ ನಡುವೆ ಕೂರದೆ ಒಂದು ಬದಿಗೆ ಸರಿದಿರುತ್ತದೆ. ಹರಳು ಹೀಗೆ ಒಂದು ಕಡೆಗೆ ವಾಲಿರುವುದರಿಂದ, ಬೆಳಕು ಬಿದ್ದಾಗ ಎದ್ದ ಎಲೆಕ್ಟ್ರಾನ್‌ಗಳೂ ಒಂದೇ ದಿಕ್ಕಿಗೆ ಹೊರಡುತ್ತವೆ. ಹೊರಗಿನಿಂದ ವೋಲ್ಟೇಜ್ ಕೊಟ್ಟು ಆ ವಾಲಿಕೆಯನ್ನು ತಿರುಗಿಸಿದರೆ ಕರೆಂಟಿನ ದಿಕ್ಕೂ ತಿರುಗುತ್ತದೆ! ಇದೇ ಜಾತಿಯ ಬಿಸ್ಮತ್ ಫೆರೈಟ್ ಹರಳಿನಲ್ಲಿ ಇದನ್ನು 2009ರಲ್ಲಿ ತೋರಿಸಿದರು. ನಾನು ಕೂರಿಸುವ ಯಾವ ಪ್ಯಾನೆಲ್ಲೂ ಈ ಕೆಲಸ ಮಾಡದು. ಮರುವರ್ಷ ಅಮೆರಿಕದ ಬರ್ಕ್‌ಲಿಯಲ್ಲಿ, ಬೆಂಗಳೂರಿನ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ (ಐಐಎಸ್‌ಸಿ) ಬಿ.ಇ. ಮುಗಿಸಿದ ರಾಮಮೂರ್ತಿ ರಮೇಶ್ ಅವರೂ ಇದ್ದ ತಂಡ, ಅದೇ ಬಿಸ್ಮತ್ ಫೆರೈಟಿನ ತೆಳುಪದರದಿಂದ ಹತ್ತಕ್ಕೂ ಹೆಚ್ಚು ವೋಲ್ಟ್ ಪಡೆಯಿತು. ಮಾಮೂಲಿ ಸಿಲಿಕಾನ್ ಸೆಲ್ ಒಂದು ಮುಕ್ಕಾಲು ವೋಲ್ಟನ್ನೂ ಮುಟ್ಟುವುದಿಲ್ಲ.

ತೊಡಕಿರುವುದು ಆಂಪಿಯರ್‌ನಲ್ಲಿ, ಅಂದರೆ ಹರಿಯುವ ಕರೆಂಟಿನಲ್ಲಿ. ಟ್ಯಾಂಕ್ ಗೋಪುರದ ಮೇಲಿದ್ದು ಪೈಪು ಸೂಜಿಯಷ್ಟಿದ್ದರೆ ನೀರು ಎಷ್ಟು ಬಂದೀತು? ಈ ಹರಳುಗಳು ಹೆಚ್ಚುಕಡಿಮೆ ಕರೆಂಟ್ ಹರಿಯಗೊಡದ ಇನ್ಸುಲೇಟರ್‌ಗಳು. ಅವುಗಳ ಬ್ಯಾಂಡ್ ಗ್ಯಾಪ್ (ಎಲೆಕ್ಟ್ರಾನನ್ನು ಎಬ್ಬಿಸಲು ಬೆಳಕಿನ ಕಣಕ್ಕೆ ಇರಬೇಕಾದ ಕನಿಷ್ಠ ಶಕ್ತಿ) ಕೂಡ ದೊಡ್ಡದು: ಬಿಸ್ಮತ್ ಫೆರೈಟ್‌ನದು ಸುಮಾರು 2.7 ಎಲೆಕ್ಟ್ರಾನ್ ವೋಲ್ಟ್, ಬೇರಿಯಂ ಟೈಟನೇಟ್‌ನದು ಮೂರಕ್ಕೂ ಹೆಚ್ಚು. ಸಿಲಿಕಾನ್‌ನದು 1.1. ಹೀಗಾಗಿ ಬಿಸಿಲಿನ ಬಹುಪಾಲು ಬೆಳಕು ಇವಕ್ಕೆ ದಕ್ಕುವುದೇ ಇಲ್ಲ. 2015ರಲ್ಲಿ ಕೆನಡಾದವರು ಬಿಸ್ಮತ್ ಫೆರೈಟ್‌ಗೆ ಕ್ರೋಮಿಯಂ ಬೆರೆಸಿದ ಪದರಗಳಲ್ಲಿ ಶೇ 8.1ರಷ್ಟು ದಕ್ಷತೆ ಸಾಧಿಸಿದ್ದನ್ನೇ ಈ ಕ್ಷೇತ್ರದಲ್ಲಿ ದೊಡ್ಡ ಜಿಗಿತ ಎಂದರು. ಅಂಗಡಿಯಲ್ಲಿ ಸಿಗುವ ಸಿಲಿಕಾನ್ ಪ್ಯಾನೆಲ್‌ನದು ಶೇ 20 ದಾಟಿ ವರ್ಷಗಳಾದವು.

ಇಂಥ ಸುದ್ದಿ ಪತ್ರಿಕೆಯಲ್ಲಿ ಹಾಕಬೇಡಿ ಎನ್ನುತ್ತಿಲ್ಲ, ದಯವಿಟ್ಟು ಹಾಕಿ. ಪಕ್ಕದಲ್ಲೇ ಮೂರು ವಿಷಯ ಸೇರಿಸಿ: ಯಾವುದಕ್ಕೆ ಹೋಲಿಸಿದ್ದು, ಅಳೆದದ್ದು ಬಿಸಿಲಲ್ಲೋ ಲೇಸರ್‌ನಲ್ಲೋ, ತುಣುಕು ಎಷ್ಟು ದೊಡ್ಡದು. ಎರಡು ಸಾಲು ಸಾಕು. ಜಾಗ ಸಾಲದಿದ್ದರೆ ಇಂಥ ಸುದ್ದಿಗಳ ಜೊತೆ ತಪ್ಪದೆ ಬರುವ ನೀಲಿ ಪ್ಯಾನೆಲ್ಲಿನ ಫೋಟೊ ತೆಗೆಯಬಹುದು. ಅದು ಹೇಗೂ ಸಿಲಿಕಾನ್ ಪ್ಯಾನೆಲ್ಲಿನದೇ.

– ಸೋಲಾರ್ ಗುತ್ತಿಗೆದಾರ, ತಿಪಟೂರು