ಗುಂಪು ಡಿಲೀಟ್ ಮಾಡುವ ರೀತಿ ಬದಲಾಗುತ್ತಿದೆ

ಪ್ರಿಯ ಗ್ರಾಹಕರೇ,

ನಮಸ್ಕಾರ. ನಮ್ಮ ಸ್ಟಾಕ್ ತಂತ್ರಾಂಶದ ಮುಂದಿನ ಅಪ್‌ಡೇಟ್‌ನಲ್ಲಿ ಒಂದು ಮುಖ್ಯ ಬದಲಾವಣೆ ಇದೆ. ಒಳಗೆ ಉಪಗುಂಪು ಅಥವಾ ಐಟಂ ಇರುವ ಗುಂಪನ್ನು ಇನ್ನು ಮುಂದೆ ಒಂದೇ ಏಟಿಗೆ ಅಳಿಸಲು ಆಗುವುದಿಲ್ಲ.

ಹಾರ್ಡ್‌ವೇರ್ ಅಂಗಡಿಯನ್ನೇ ತೆಗೆದುಕೊಳ್ಳಿ. ‘ಪೇಂಟ್’ ಗುಂಪಿನ ಕೆಳಗೆ ‘ಎನಾಮೆಲ್’, ‘ಪ್ರೈಮರ್’. ಎನಾಮೆಲ್ ಕೆಳಗೆ ಒಂದೊಂದು ಬಣ್ಣ, ಬಣ್ಣದ ಕೆಳಗೆ ಒಂದು ಲೀಟರ್, ನಾಲ್ಕು ಲೀಟರ್ ಡಬ್ಬಿಗಳು. ಯಾರೋ ‘ಪೇಂಟ್’ ಅನ್ನೇ ಅಳಿಸಿದರೆ ಕೆಳಗಿನದೆಲ್ಲ ಏನಾಗಬೇಕು? ಇಲ್ಲಿಯವರೆಗೆ ಇದನ್ನು ನಿಮ್ಮ ದಾಖಲೆಗಳನ್ನು ಇಟ್ಟುಕೊಳ್ಳುವ ಡೇಟಾಬೇಸ್‌ಗೇ ಬಿಟ್ಟಿದ್ದೆವು. ಆದರೆ ಒಂದೊಂದು ಡೇಟಾಬೇಸ್ ಒಂದೊಂದು ಥರ ನಡೆದುಕೊಳ್ಳುತ್ತದೆ.

ಒಂದೇ ಕಂಪ್ಯೂಟರ್ ಇರುವ ಅಂಗಡಿಗಳಲ್ಲಿ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಇದೆ. ಮೇಲಿನ ದಾಖಲೆ ಇಲ್ಲದೆ ಕೆಳಗಿನದು ಇರಬಾರದು ಎಂಬ ‘ಫಾರಿನ್ ಕೀ’ ನಿಯಮವನ್ನು ಅದು 2009ರಿಂದ ಪಾಲಿಸಬಲ್ಲದು. ಆದರೆ ಪ್ರತಿ ಕನೆಕ್ಷನ್‌ನಲ್ಲೂ, ಅಂದರೆ ಡೇಟಾಬೇಸ್ ತೆರೆದಾಗಲೆಲ್ಲ, ಆ ನಿಯಮವನ್ನು ಆನ್ ಮಾಡಬೇಕು. ನಮ್ಮ ಅಡಾಪ್ಟರ್ (ತಂತ್ರಾಂಶವನ್ನು ಡೇಟಾಬೇಸ್‌ಗೆ ಜೋಡಿಸುವ ಭಾಗ) ಆನ್ ಮಾಡುತ್ತದೆ. ನೀವು ಅದೇ ಫೈಲನ್ನು ಬೇರೆ ಟೂಲ್‌ನಲ್ಲಿ ತೆರೆದರೆ ಅದು ಆಫ್ ಇರಬಹುದು. ಆಗ ಅಲ್ಲಿ ಪೇಂಟ್ ಅಳಿಸಿದರೆ ಪೇಂಟ್ ಮಾತ್ರ ಹೋಗುತ್ತದೆ, ಎನಾಮೆಲ್ ಅನಾಥವಾಗಿ ಉಳಿಯುತ್ತದೆ. ಗುಂಪುಗಳ ಪಟ್ಟಿಯಲ್ಲಿ ಕಾಣುವುದಿಲ್ಲ, ಸ್ಟಾಕ್ ಮೌಲ್ಯದಲ್ಲಿ ಮಾತ್ರ ಸೇರಿಕೊಂಡಿರುತ್ತದೆ. ವರ್ಷದ ಕೊನೆಯಲ್ಲಿ ಲೆಕ್ಕ ತಾಳೆಯಾಗದಿದ್ದರೆ ಎಷ್ಟು ಕಷ್ಟ ಅಲ್ವಾ?

ಪೋಸ್ಟ್‌ಗ್ರೆಸ್ ಎಂಬ ಎರಡನೇ ಡೇಟಾಬೇಸ್‌ನಲ್ಲಿ ಬೇರೇನೂ ಹೇಳಿರದಿದ್ದರೆ ಅದು ಇಂಥ ಗುಂಪನ್ನು ಅಳಿಸಲು ಒಪ್ಪುವುದಿಲ್ಲ. ಕ್ಯಾಸ್ಕೇಡ್ (ಕೆಳಗಿನದನ್ನೂ ಜೊತೆಗೆ ಅಳಿಸು) ಎಂದು ಹೇಳಿದ್ದರೆ ಬುಡದವರೆಗೆ ಅಳಿಸುತ್ತದೆ, ಮಕ್ಕಳ, ಅಂದರೆ ಕೆಳಗಿನ ಹಂತದ, ದಾಖಲೆಗಳ ಟ್ರಿಗರ್‌ಗಳನ್ನೂ (ದಾಖಲೆ ಬದಲಾದಾಗ ತಾವಾಗಿಯೇ ನಡೆಯುವ ಆದೇಶಗಳು) ಓಡಿಸುತ್ತದೆ. ಮೂರನೆಯದು ಮೈಎಸ್‌ಕ್ಯೂಎಲ್. ದಾಖಲೆಗಳನ್ನು ಇಡುವ ಅದರ ಭಾಗವಾದ ಇನ್ನೋಡಿಬಿಯಲ್ಲಿ ಕ್ಯಾಸ್ಕೇಡ್ ಇದ್ದರೂ ಆ ಟ್ರಿಗರ್‌ಗಳು ಓಡುವುದಿಲ್ಲ. ಯಾರು, ಯಾವಾಗ ಅಳಿಸಿದರು ಎಂದು ಬರೆದಿಡಲು ನೀವು ಟ್ರಿಗರ್ ಇಟ್ಟುಕೊಂಡಿದ್ದರೆ, ಅದರಲ್ಲಿ ಪೇಂಟ್ ಹೋದದ್ದು ಮಾತ್ರ ಸಿಗುತ್ತದೆ. ಅದರ ಜೊತೆ ಹೋದ ಡಬ್ಬಿಗಳ ಸುಳಿವೇ ಇರುವುದಿಲ್ಲ. ನಮಗೆ ಜಾಸ್ತಿ ಚಿಂತೆಯಾದದ್ದು ಇದೇ. ಡೇಟಾ ಹೋದರೆ ಬ್ಯಾಕಪ್‌ನಿಂದ ತರಬಹುದು, ಆದರೆ ಹೋಗಿದೆ ಎಂದು ಮೊದಲು ಗೊತ್ತಾಗಬೇಕು.

ಹಾಗಾಗಿ ಇನ್ನು ಮೂರು ಡೇಟಾಬೇಸ್‌ಗೂ ಒಂದೇ ನಿಯಮ. ಡಿಲೀಟ್ ಒತ್ತಿದರೆ ಅಡಾಪ್ಟರ್ ಮೊದಲು ನಿಲ್ಲಿಸಿ, ಕೆಳಗೆ ಏನೇನಿದೆ ಎಂದು ತೋರಿಸುತ್ತದೆ. ನೀವು ಅವನ್ನು ಬೇರೆ ಗುಂಪಿಗೆ ಸಾಗಿಸಬಹುದು. ‘ಎಲ್ಲವನ್ನೂ ಅಳಿಸಿ’ ಎಂದು ಬೇರೆಯಾಗಿ ಒಪ್ಪಿದರೆ ಮಾತ್ರ ಕೆಳಗಿನ ಹಂತದಿಂದ ಮೇಲಕ್ಕೆ ಅಳಿಸುತ್ತಾ ಬರುತ್ತದೆ, ಒಂದೊಂದನ್ನೂ ಲಾಗ್‌ನಲ್ಲಿ ಬರೆಯುತ್ತದೆ. ಇಡೀ ಕೆಲಸ ಒಂದೇ ಟ್ರಾನ್ಸಾಕ್ಷನ್, ಅಂದರೆ ಪೂರ್ತಿ ಆಗುತ್ತದೆ, ಇಲ್ಲವೇ ಆಗುವುದೇ ಇಲ್ಲ. ನಡುವೆ ಕರೆಂಟ್ ಹೋದರೆ ಏನೂ ಅಳಿದಿರುವುದಿಲ್ಲ. ದೊಡ್ಡ ಗುಂಪಾದರೆ ಮೊದಲಿಗಿಂತ ನಿಧಾನವಾಗುತ್ತದೆ. ಇಂಥ ಕೆಲಸ ನಿಧಾನವಾದರೂ ಪರವಾಗಿಲ್ಲ ಎಂದೇ ನಮ್ಮ ಅಭಿಪ್ರಾಯ.

ಮೈಎಸ್‌ಕ್ಯೂಎಲ್ 5.7 ಬಳಸುವವರು ದಯವಿಟ್ಟು ಗಮನಿಸಿ. ಗುಂಪಿನ ಕೆಳಗಿನ ಎಲ್ಲ ಹಂತ ಹುಡುಕಲು ನಾವು ರಿಕರ್ಸಿವ್ ಕ್ವೆರಿ (ಹಂತ ಹಂತವಾಗಿ ತಾನೇ ಮುಂದುವರಿಯುವ ಹುಡುಕಾಟ) ಬಳಸುತ್ತೇವೆ. ಅದು ಮೈಎಸ್‌ಕ್ಯೂಎಲ್‌ಗೆ ಬಂದದ್ದು 8.0ರಲ್ಲಿ. 5.7ರ ಬೆಂಬಲ 2023ರ ಅಕ್ಟೋಬರ್‌ನಲ್ಲೇ ಮುಗಿದಿದೆ. ನೀವು 8.4ಕ್ಕೆ ಹೋಗುವುದು ಒಳ್ಳೆಯದು. ನಾವೇ ಬದಲಾಯಿಸಿ ಕೊಡುತ್ತೇವೆ, ಅದಕ್ಕೆ ಪ್ರತ್ಯೇಕ ಹಣವಿಲ್ಲ.

ಸ್ವಂತ ಸ್ಕ್ರಿಪ್ಟ್ ಬರೆದು ಗುಂಪು ಅಳಿಸುತ್ತಿರುವವರಿಗೆ ಇನ್ನು ಎರರ್ ಬರುತ್ತದೆ. ‘ಮಕ್ಕಳ ಸಮೇತ’ ಎಂಬ ಆಯ್ಕೆಯನ್ನು ಸ್ಕ್ರಿಪ್ಟ್‌ನಲ್ಲಿ ಸೇರಿಸಬೇಕು. ಸುಮ್ನೆ ಎಲ್ಲ ಕಡೆ ಸೇರಿಸಿಬಿಡಬೇಡಿ, ಎಲ್ಲಿ ನಿಜವಾಗಿ ಬೇಕೋ ಅಲ್ಲಿ ಸೇರಿಸಿ.

ಈಗಾಗಲೇ ಅನಾಥವಾದ ದಾಖಲೆಗಳಿದ್ದರೆ ಅಪ್‌ಡೇಟ್ ಆದ ಮೇಲೆ ‘ಗುಂಪಿಲ್ಲದವು’ ಎಂಬ ಪಟ್ಟಿಯಲ್ಲಿ ಕಾಣುತ್ತವೆ. ನಾವಾಗಿಯೇ ಯಾವುದನ್ನೂ ತೆಗೆಯುವುದಿಲ್ಲ. ಅಪ್‌ಡೇಟ್ ಹಾಕುವ ಮೊದಲು ಬ್ಯಾಕಪ್ ತೆಗೆದಿಡಿ. ಅನುಮಾನವಿದ್ದರೆ ನಿಮ್ಮ ಬಿಲ್‌ನಲ್ಲಿರುವ ಸಹಾಯದ ನಂಬರಿಗೆ ಫೋನ್ ಮಾಡಿ.

ಇಂತಿ,
ನಿಮ್ಮ ತಂತ್ರಾಂಶ ತಂಡ